ಮಿಥ್ಯಾಭಿಯೋಗಿಯ ಇಮ್ಮಡಿ ದಂಡ: ಸಿಂಧನೂರು–ಮಸ್ಕಿ ಸೀಮೆಯಿಂದ ಹುರುಳಿಲ್ಲದ ದಾವೆಗಳ ಕುರಿತು ಒಂದು ಟಿಪ್ಪಣಿ

ಪಕ್ಕದವನು ನನ್ನ ಹೊಲಕ್ಕೆ ಕಾಲಿಡದಂತೆ ತಡೆಯಿರಿ ಎಂದಷ್ಟೇ ಕೇಳುವ ದಾವೆಗೆ ಕರ್ನಾಟಕದಲ್ಲಿ ಬಹುಕಾಲದಿಂದ ಇರುವ ಕನಿಷ್ಠ ಕೋರ್ಟ್ ಶುಲ್ಕ 25 ರೂಪಾಯಿ. 1958ರ ನ್ಯಾಯಾಲಯ ಶುಲ್ಕ ಕಾಯಿದೆಯ 26(ಸಿ) ಕಲಮಿನಂತೆ ಇಂಥ ದಾವೆಗೆ ಸಾವಿರ ರೂಪಾಯಿಯ ಮೌಲ್ಯ ತೋರಿಸಿದರೆ ಸಾಕು, ಶುಲ್ಕ ಅದರ ಮೇಲೆ ನಿಲ್ಲುತ್ತದೆ. ಮನೆತನದ ಆಸ್ತಿ ಇನ್ನೂ ಒಟ್ಟಿನಲ್ಲೇ ಇದೆ, ನನ್ನ ಪಾಲು ಬೇರೆ ಮಾಡಿಕೊಡಿ ಎಂದು ಕೇಳುವವನಿಗೆ ಅದೇ ಕಾಯಿದೆಯ 35(2)ರ ಪ್ರಕಾರ ಗರಿಷ್ಠ ಶುಲ್ಕ 200 ರೂಪಾಯಿ. ಗದ್ದೆಯ ಬೆಲೆ ಎಕರೆಗೆ ಎಷ್ಟೇ ಲಕ್ಷವಿರಲಿ, ಈ 200 ಮೇಲೇರುವುದಿಲ್ಲ.

ಇದು ಬಡವರಿಗೆ ಬಾಗಿಲು ತೆರೆದಿರಲಿ ಎಂದು ಇಟ್ಟ ದರ. ಅದನ್ನು ಏರಿಸಬೇಕೆಂದು ನಾನು ಹೇಳುವುದಿಲ್ಲ. ನನ್ನನ್ನು ಕಾಡುವ ಪ್ರಶ್ನೆ ಒಳಗೆ ಹೋಗುವ ಬಾಗಿಲಿನದಲ್ಲ, ಹೊರಗೆ ಬರುವ ಬಾಗಿಲಿನದು. ಹುರುಳಿಲ್ಲವೆಂದು ತಿಳಿದೂ ದಾವೆ ಹೂಡಿ, ಎದುರಿನವನನ್ನು ಹತ್ತು ವರ್ಷ ಓಡಾಡಿಸಿ, ಕೊನೆಗೆ ಸೋತವನು ಹೊರಬರುವಾಗ ಏನು ತೆರುತ್ತಾನೆ? ಅವನು ತೆರದೆ ಉಳಿದದ್ದನ್ನು ಯಾರು ತೆರುತ್ತಾರೆ? ಸಿಂಧನೂರು ತಾಲ್ಲೂಕಿನ ಸಾಲಗುಂದದ ಸುತ್ತಿನ ನೀರಾವರಿ ಸೀಮೆಯನ್ನೂ ಅದಕ್ಕೆ ಹೊಂದಿದ ಲಿಂಗಸುಗೂರು, ಮಸ್ಕಿಗಳನ್ನೂ ಮುಂದಿಟ್ಟುಕೊಂಡು ಈ ಪ್ರಶ್ನೆಯನ್ನು ನೋಡಲು ಯತ್ನಿಸಿದ್ದೇನೆ.

ಮೊದಲು ಮಾತಿನ ವಿಷಯ. ಈ ಭಾಗದ ಕೋರ್ಟಿನ ಶಬ್ದಗಳು ಬಹುಮಟ್ಟಿಗೆ ನಿಜಾಮರ ಕಾಲದವು. 1948ರ ಸೆಪ್ಟೆಂಬರ್‌ವರೆಗೆ ರಾಯಚೂರು ಹೈದರಾಬಾದ್ ಸಂಸ್ಥಾನದ ಜಿಲ್ಲೆ. ಕಚೇರಿಯ ವ್ಯವಹಾರ ಉರ್ದುವಿನಲ್ಲಿ. ಲಿಂಗಸುಗೂರು 1905ರವರೆಗೆ ತಾನೇ ಒಂದು ಜಿಲ್ಲೆಯ ಕೇಂದ್ರವಾಗಿತ್ತು. ದಾವಾ, ಫಿರ್ಯಾದಿ, ವಕಾಲತ್ತು, ತಾರೀಖು, ಪೇಶಿ, ತಕರಾರು ಇವೆಲ್ಲ ಆಗ ಹೊಲದ ಬದುವಿನವರೆಗೂ ಬಂದು ಉಳಿದ ಮಾತುಗಳು. ಕಾನೂನಿನ ಪುಸ್ತಕ ‘ಕ್ಷುಲ್ಲಕ’, ‘ಕಿರುಕುಳದ’ ಎಂದು ಕರೆಯುವ ದಾವೆಗೆ ಜನರ ಬಾಯಲ್ಲಿ ಪ್ರತ್ಯೇಕ ಹೆಸರಿಲ್ಲ. ‘ಕೇಸ್ ಜಡಿದಾನ’, ‘ಸ್ಟೇ ತಂದಾನ’ ಎನ್ನುತ್ತಾರೆ. ಹೆಸರು ದಾವೆಯ ಗುಣಕ್ಕಲ್ಲ, ಅದರ ಪೆಟ್ಟಿಗೆ. ದಾವೆಯಲ್ಲಿ ಹುರುಳಿತ್ತೋ ಇಲ್ಲವೋ ಎಂಬುದು ತೀರ್ಪಿನ ದಿನ ತಿಳಿಯುವ ಸಂಗತಿ. ಪೆಟ್ಟು ಬೀಳುವುದು ಮೊದಲ ತಾರೀಖಿಗೇ. ಕಾನೂನಿನ ಪಂಡಿತರಿಗಿಂತ ಈ ಆಡುಮಾತು ವಿಷಯವನ್ನು ಸರಿಯಾದ ಕಡೆ ಹಿಡಿದಿದೆ ಎಂದು ನನಗೆ ತೋರುತ್ತದೆ.

ಪೆಟ್ಟು ಹೇಗೆ ಬೀಳುತ್ತದೆ ಎಂದು ತಿಳಿಯಲು ನಾಲ್ಕು ಎಕರೆ ಗದ್ದೆಯೊಂದನ್ನು ಕಲ್ಪಿಸಿಕೊಳ್ಳೋಣ. ಇದು ಯಾರ ಕೇಸೂ ಅಲ್ಲ, ದಾವೆಯ ನಡೆಯನ್ನು ಕಾಣಲು ಹಾಕಿಕೊಂಡ ಲೆಕ್ಕ. 1985ರಲ್ಲಿ ಒಬ್ಬನು ಪಿತ್ರಾರ್ಜಿತ ಗದ್ದೆಯನ್ನು ನೋಂದಾಯಿತ ಖರೀದಿ ಪತ್ರದ ಮೂಲಕ ಮಾರಿದ. ಕೊಂಡವನು ಅಂದೇ ಕಬ್ಜಾ ಪಡೆದ. ಪಹಣಿಯಲ್ಲಿ ಅವನ ಹೆಸರು ಬಂತು. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಹಾಯಿಸಿ ವರ್ಷವರ್ಷ ಭತ್ತ ಬೆಳೆದ. ಗದ್ದೆಯ ಬೆಲೆ ಏರಿದ ಮೇಲೆ ಮಾರಿದವನ ಮಗ ಈಗ ದಾವೆ ಹೂಡುತ್ತಾನೆ: ಆಸ್ತಿ ಪಿತ್ರಾರ್ಜಿತ, ಅಪ್ಪನಿಗೆ ಒಬ್ಬನೇ ಮಾರುವ ಹಕ್ಕಿರಲಿಲ್ಲ, ನನ್ನ ಪಾಲು ಕೊಡಿಸಿ. ಅಪ್ಪ ಮಾಡಿದ ಪರಭಾರೆಯನ್ನು ಪ್ರಶ್ನಿಸಲು ಕಾಲಮಿತಿ ಕಾಯಿದೆಯ 109ನೇ ಅನುಚ್ಛೇದ ಮಗನಿಗೆ ಕೊಟ್ಟಿರುವುದು 12 ವರ್ಷ, ಅದೂ ಕೊಂಡವನು ಕಬ್ಜಾ ಪಡೆದ ದಿನದಿಂದ. ಅಂದರೆ 1997ಕ್ಕೇ ಬಾಗಿಲು ಮುಚ್ಚಿದೆ. ಬೇರೆ ಯಾವ ಆಧಾರವೂ ಇಲ್ಲದಿದ್ದರೆ ದಾವೆಯಲ್ಲಿ ಹುರುಳಿಲ್ಲ.

ಆದರೆ ದಾವಾ ಪತ್ರದಲ್ಲಿ ಎರಡು ವಾಕ್ಯ ಸೇರುತ್ತವೆ. ಆಸ್ತಿ ಇಂದಿಗೂ ನಮ್ಮ ಜಂಟಿ ಸ್ವಾಧೀನದಲ್ಲಿದೆ ಎಂಬುದು ಒಂದು; ಅದರಿಂದ ಶುಲ್ಕ 200 ರೂಪಾಯಿಗೆ ಇಳಿಯುತ್ತದೆ. ಮಾರಾಟದ ಸಂಗತಿ ಕಳೆದ ತಿಂಗಳಷ್ಟೇ ನನಗೆ ತಿಳಿಯಿತು ಎಂಬುದು ಇನ್ನೊಂದು. ಅದರಿಂದ ಕಾಲಮಿತಿಯ ಪ್ರಶ್ನೆ ಸಾಕ್ಷಿ ವಿಚಾರಣೆ ಬೇಡುವ ಪ್ರಶ್ನೆಯಂತೆ ಕಾಣತೊಡಗುತ್ತದೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ 7ನೇ ಆದೇಶದ 11ನೇ ನಿಯಮವು ದಾವಾ ಪತ್ರವನ್ನು ಆರಂಭದಲ್ಲೇ ತಿರಸ್ಕರಿಸುವ ಅಧಿಕಾರವನ್ನು ನ್ಯಾಯಾಧೀಶರಿಗೆ ಕೊಟ್ಟಿದೆ. ಆದರೆ ಆ ಹಂತದಲ್ಲಿ ನೋಡಬೇಕಾದದ್ದು ದಾವಾ ಪತ್ರವನ್ನು ಮಾತ್ರ, ಪ್ರತಿವಾದಿಯ ಉತ್ತರವನ್ನಲ್ಲ. ಆ ಎರಡು ವಾಕ್ಯಗಳು ಕಾಗದದ ಮೇಲೆ ಇರುವವರೆಗೆ ತಿರಸ್ಕಾರ ಸುಲಭವಲ್ಲ. ತಿರಸ್ಕರಿಸಿದರೂ ಆ ಆದೇಶ ಕಾನೂನಿನ ಕಣ್ಣಿನಲ್ಲಿ ಡಿಕ್ರಿಯೇ ಆದ್ದರಿಂದ ಅದರ ಮೇಲೆ ಅಪೀಲು ಉಂಟು. ಒಂದು ಬಾಗಿಲು ಮುಚ್ಚುವ ಕೆಲಸವೇ ಇನ್ನೊಂದು ಕೋರ್ಟಿನಲ್ಲಿ ವರ್ಷಗಟ್ಟಲೆ ಎಳೆಯಬಲ್ಲ ಕೆಲಸವಾಗುತ್ತದೆ.

ಇನ್ನು ಋತುವಿನ ಲೆಕ್ಕ. ಕಾಲುವೆಗೆ ನೀರು ಸಾಮಾನ್ಯವಾಗಿ ಜುಲೈಯಲ್ಲಿ ಬರುತ್ತದೆ. ಸಸಿ ಮಡಿ ಹಾಕಿ ಆಗಸ್ಟ್ ಹೊತ್ತಿಗೆ ನಾಟಿ ಮುಗಿಸಬೇಕು. ದಾವೆಯ ಜೊತೆಗೆ ಹಾಕಿದ ಮಧ್ಯಂತರ ಅರ್ಜಿಯ ಮೇಲೆ, ಎದುರಿನವನನ್ನು ಕೇಳದೆಯೂ, ಕಾರಣ ಬರೆದು ತಡೆಯಾಜ್ಞೆ ಕೊಡಲು 39ನೇ ಆದೇಶದ 3ನೇ ನಿಯಮ ಅವಕಾಶ ಕೊಡುತ್ತದೆ. ಹಾಗೆ ಕೊಟ್ಟಾಗ ಆ ಅರ್ಜಿಯನ್ನು 30 ದಿನದೊಳಗೆ ತೀರ್ಮಾನಿಸಲು ಯತ್ನಿಸಬೇಕೆಂದು 3ಎ ನಿಯಮ ಹೇಳುತ್ತದೆ. ನಗರದ ನಿವೇಶನದ ಜಗಳದಲ್ಲಿ 30 ದಿನ ಒಂದು ತಿಂಗಳು. ಭತ್ತದ ಗದ್ದೆಯಲ್ಲಿ ಜುಲೈ 20ರಿಂದ 30 ದಿನ ಎಂದರೆ ಒಂದು ಬೆಳೆ. ನಿಯಮ ಅಕ್ಷರಶಃ ಪಾಲನೆಯಾದಾಗಲೂ ದಾವೆ ಹೂಡಿದವನ ಉದ್ದೇಶ ಈಡೇರಿರುತ್ತದೆ. ಅವನಿಗೆ ಡಿಕ್ರಿ ಬೇಕಿಲ್ಲ. ಎದುರಿನವನು ಮಾತುಕತೆಗೆ ಬಂದು ಒಂದಿಷ್ಟು ಹಣ ಕೊಟ್ಟು ದಾವೆ ವಾಪಸು ತೆಗೆಸಿಕೊಂಡರೆ ಸಾಕು. ಸೋಲು ಮೊದಲೇ ಗೊತ್ತಿರುವ ಕೇಸನ್ನು ಯಾರು ಯಾಕೆ ಹಾಕುತ್ತಾರೆ ಎಂದು ದೂರದಿಂದ ನೋಡುವವರು ಕೇಳುತ್ತಾರೆ. ಸೋಲುವ ಕೇಸಿನಲ್ಲಿ ಗೆಲುವು ತೀರ್ಪಿನ ಮೊದಲೇ ಇದೆ.

ಇದನ್ನು ತಡೆಯಲು ಕಾನೂನಿನಲ್ಲಿ ಏನೂ ಇಲ್ಲವೆಂದಲ್ಲ. ದಾವೆ ಬರುವ ಸುಳಿವಿದ್ದರೆ 148ಎ ಕಲಮಿನಡಿ ಕೇವಿಯಟ್ ಹಾಕಿಡಬಹುದು. 90 ದಿನ ಅದರ ಬಲವಿರುತ್ತದೆ, ಆ ಅವಧಿಯಲ್ಲಿ ನೋಟಿಸಿಲ್ಲದೆ ಆದೇಶ ಬರುವುದಿಲ್ಲ. ಆದರೆ ಸುಳಿವು ಸಿಗಬೇಕಲ್ಲ.

ಈ ಇಡೀ ತೊಡಕನ್ನು ಸುಪ್ರೀಂ ಕೋರ್ಟ್ ಅತಿ ಸ್ಪಷ್ಟವಾಗಿ ಕಂಡದ್ದು ಕರ್ನಾಟಕದ್ದೇ ಒಂದು ಕೇಸಿನಲ್ಲಿ. 1977ರ ಅಕ್ಟೋಬರ್‌ನಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅವರ ಮುಂದೆ ಬೆಂಗಳೂರಿನ ಬಾಡಿಗೆ ಕಟ್ಟಡವೊಂದರ ವಿವಾದ ಬಂತು. ಬಾಡಿಗೆದಾರನ ಮೇಲೆ ತೆರವಿನ ಆದೇಶವಾಗಿತ್ತು. ಅವನ ಮಗ, ಆ ಆದೇಶ ಮೋಸದಿಂದ ಪಡೆದದ್ದೆಂದು ಮುನ್ಸಿಫ್ ಕೋರ್ಟಿನಲ್ಲಿ ದಾವೆ ಹೂಡಿದ. ಆ ದಾವೆಯನ್ನು ವಾಪಸು ತೆಗೆದುಕೊಳ್ಳುವ ಮಾತಿನ ಮೇಲೆ ಹೈಕೋರ್ಟಿನಲ್ಲಿ ತೆರವಿಗೆ ಮತ್ತೆ ಕಾಲಾವಕಾಶ ಸಿಕ್ಕಿತು. ಅವಕಾಶ ಮುಗಿಯುವ ಹೊತ್ತಿಗೆ ಬೆಂಗಳೂರಿನಲ್ಲೇ ಇನ್ನೊಂದು ಮುನ್ಸಿಫ್ ಕೋರ್ಟಿನಲ್ಲಿ ಹೊಸ ದಾವೆ ಕಾಣಿಸಿಕೊಂಡಿತು. ಕೃಷ್ಣ ಅಯ್ಯರ್ ಹೇಳಿದ್ದರ ಸಾರ ಇಷ್ಟು: ನ್ಯಾಯಾಧೀಶರು ದಾವಾ ಪತ್ರವನ್ನು ಬರೀ ಅಕ್ಷರಗಳಾಗಿ ಓದಬಾರದು, ಅರ್ಥವಿಟ್ಟು ಓದಬೇಕು, ಜಾಣ ಬರವಣಿಗೆಯಿಂದ ದಾವೆಗೆ ಕಾರಣವಿದ್ದಂತೆ ಭ್ರಮೆ ಹುಟ್ಟಿಸಿದ್ದರೆ, 10ನೇ ಆದೇಶದಡಿ ಕಕ್ಷಿದಾರನನ್ನೇ ಮೊದಲ ದಿನ ಎದುರು ನಿಲ್ಲಿಸಿ ಕೇಳಿ, ಅಲ್ಲೇ ಚಿವುಟಿಹಾಕಬೇಕು. ಇಂಥ ದಾವೆಗೆ ಕೈ ಜೋಡಿಸದಿರುವ ಹೊಣೆ ವಕೀಲರದೂ ಹೌದು ಎಂದೂ ಅವರು ಸೇರಿಸಿದರು.

ಅರ್ಧ ಶತಮಾನದಿಂದ ಈ ತೀರ್ಪನ್ನು ದೇಶದ ಎಲ್ಲ ಕೋರ್ಟುಗಳಲ್ಲಿ ಉಲ್ಲೇಖಿಸುತ್ತ ಬಂದಿದ್ದಾರೆ. ಅದರ ಮೊದಲರ್ಧ, ಅಂದರೆ ಅರ್ಥವಿಟ್ಟು ಓದಬೇಕೆಂಬ ಭಾಗ, ಅರ್ಜಿಗಳಲ್ಲಿ ಪದೇ ಪದೇ ಬರುತ್ತದೆ. 10ನೇ ಆದೇಶದ ಭಾಗವೇ ನನಗೆ ಹೆಚ್ಚು ಮುಖ್ಯವೆನಿಸುತ್ತದೆ. ನಮ್ಮ ಕಲ್ಪನೆಯ ಗದ್ದೆಗೆ ಮರಳಿ ಬನ್ನಿ. ‘ಕಳೆದ ತಿಂಗಳು ತಿಳಿಯಿತು’ ಎಂದು ಬರೆಸಿದ ಮಗನನ್ನು ಮೊದಲ ದಿನವೇ ಕರೆದು, ನೀನು ಇರುವುದು ಇದೇ ಊರಿನಲ್ಲೋ, ಆ ಗದ್ದೆಯಲ್ಲಿ ಮೂವತ್ತು ವರ್ಷ ಯಾರು ನಾಟಿ ಮಾಡಿದರು, ನೀರಿನ ಕರ ಯಾರು ಕಟ್ಟಿದರು ಎಂದು ಮೂರು ಪ್ರಶ್ನೆ ಕೇಳಿದರೆ ಬರವಣಿಗೆಯ ಮರೆ ಅಲ್ಲಿಗೆ ಸರಿಯುತ್ತದೆ. ಇದಕ್ಕೆ ಹೊಸ ಕಾನೂನು ಬೇಡ. ಕಾಲು ಗಂಟೆ ಬೇಕು. ಒಂದೊಂದು ದಿನದ ಪಟ್ಟಿಯಲ್ಲಿ ಕೇಸುಗಳ ಸಾಲು ಹೊತ್ತು ಕೂತ ತಾಲ್ಲೂಕು ನ್ಯಾಯಾಧೀಶರ ಬಳಿ ಇಲ್ಲದಿರುವುದು ಆ ಕಾಲು ಗಂಟೆಯೇ. ಹುರುಳಿಲ್ಲದ ದಾವೆಗಳು ಕೋರ್ಟಿನ ಹೊತ್ತನ್ನು ತಿನ್ನುತ್ತವೆ. ಹೊತ್ತಿಲ್ಲದ್ದರಿಂದ ಅವನ್ನು ಮೊದಲ ದಿನ ಗುರುತಿಸಲಾಗುವುದಿಲ್ಲ. ಒಂದು ಇನ್ನೊಂದನ್ನು ಸಾಕುತ್ತದೆ.

ಈಗ ಹೊರಬರುವ ಬಾಗಿಲು. ಸಿವಿಲ್ ಪ್ರಕ್ರಿಯಾ ಸಂಹಿತೆಯ 35ಎ ಕಲಮು ಸುಳ್ಳು ಮತ್ತು ಕಿರುಕುಳದ ದಾವೆಗೆ ಪರಿಹಾರ ರೂಪದ ಖರ್ಚು ವಿಧಿಸಲು ಹೇಳುತ್ತದೆ. ಗರಿಷ್ಠ ಮಿತಿ 3,000 ರೂಪಾಯಿ. ಮೊದಲು 1,000 ಇದ್ದುದು 1976ರ ತಿದ್ದುಪಡಿಯಲ್ಲಿ 3,000 ಆಯಿತು, ಅಲ್ಲಿಗೇ ನಿಂತಿತು. ಸಿಂಧನೂರಿನ ಕಡೆ ಇವತ್ತು ಒಂದು ಎಕರೆ ನಾಟಿಯ ಕೂಲಿಗೂ ಈ ಹಣ ಸಾಲದು. ಕರ್ನಾಟಕ ಹೈಕೋರ್ಟಿನಲ್ಲಿದ್ದು ಮುಂದೆ ಸುಪ್ರೀಂ ಕೋರ್ಟಿಗೆ ಹೋದ ನ್ಯಾಯಮೂರ್ತಿ ಆರ್.ವಿ. ರವೀಂದ್ರನ್ ಅವರು 2010ರ ಹೊತ್ತಿನ ತೀರ್ಪುಗಳಲ್ಲಿ ಈ ಮಿತಿ ಏನೇನೂ ಸಾಲದೆಂದು, ಅದನ್ನು ಲಕ್ಷದ ಮಟ್ಟಕ್ಕೆ ಒಯ್ಯಬೇಕೆಂದು ಒತ್ತಿ ಹೇಳಿದರು. ಕಾನೂನು ಆಯೋಗ 2012ರ ತನ್ನ 240ನೇ ವರದಿಯನ್ನು ಸಿವಿಲ್ ದಾವೆಗಳ ಖರ್ಚಿನ ವಿಷಯಕ್ಕೇ ಮೀಸಲಿಟ್ಟಿತು. 2015ರ ವಾಣಿಜ್ಯ ನ್ಯಾಯಾಲಯಗಳ ಕಾಯಿದೆ ದೊಡ್ಡ ವ್ಯಾಪಾರಿ ವ್ಯಾಜ್ಯಗಳ ಮಟ್ಟಿಗೆ ಈ ಮಿತಿಯನ್ನು ತೆಗೆದುಹಾಕಿತು. ಕಂಪನಿಗಳ ನಡುವಿನ ಜಗಳಕ್ಕೆ ಸಿಕ್ಕ ಆ ಪರಿಹಾರ ಗದ್ದೆಯ ಜಗಳಕ್ಕೆ ಸಿಕ್ಕಿಲ್ಲ. ಹೈಕೋರ್ಟಿನ ರಿಟ್ ಅಧಿಕಾರಕ್ಕೂ ಇಂಥ ಮಿತಿಯಿಲ್ಲ: 2023ರ ಜೂನ್ 30ರಂದು ಕರ್ನಾಟಕ ಹೈಕೋರ್ಟ್ ಟ್ವಿಟ್ಟರ್ ಕಂಪನಿಯ ಅರ್ಜಿ ವಜಾ ಮಾಡಿ 50 ಲಕ್ಷ ರೂಪಾಯಿ ಖರ್ಚು ಹೊರಿಸಿತು. ಆ ಅರ್ಜಿ ಹುರುಳಿಲ್ಲದ್ದೆಂದು ನಾನು ಹೇಳುತ್ತಿಲ್ಲ, ಕಂಪನಿ ಅದರ ಮೇಲೆ ಅಪೀಲು ಹೋಯಿತು. ನಾನು ತೋರಿಸುತ್ತಿರುವುದು ಅಂತರವನ್ನು ಮಾತ್ರ. ಅದೇ ರಾಜ್ಯದ ತಾಲ್ಲೂಕು ಕೋರ್ಟಿನ ನ್ಯಾಯಾಧೀಶರು ಕಣ್ಣಿಗೆ ಕಾಣುವ ಸುಳ್ಳು ದಾವೆಗೂ ಈ ಕಲಮಿನಡಿ ಮೂರು ಸಾವಿರದ ಮೇಲೆ ಹೋಗುವಂತಿಲ್ಲ.

ಕ್ರಿಮಿನಲ್ ದಾರಿಯೂ ಇದೆ. ಕೋರ್ಟಿನಲ್ಲಿ ಅಪ್ರಾಮಾಣಿಕವಾಗಿ ಸುಳ್ಳು ಹಕ್ಕು ಸಾಧಿಸುವುದು ಹಳೆಯ ದಂಡಸಂಹಿತೆಯ 209ನೇ ಕಲಮಿನಡಿ, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 246ನೇ ಕಲಮಿನಡಿ ಎರಡು ವರ್ಷದವರೆಗಿನ ಶಿಕ್ಷೆಯ ಅಪರಾಧ. ಆದರೆ ನೊಂದವನು ನೇರ ಠಾಣೆಗೆ ಹೋಗುವಂತಿಲ್ಲ, ಕೋರ್ಟೇ ಲಿಖಿತ ದೂರು ಕೊಡಬೇಕು. ಹತ್ತು ವರ್ಷದ ಕೇಸು ಮುಗಿಸಿದ ಕೋರ್ಟಿಗೆ ಅದರ ಬಾಲದಂತೆ ಇನ್ನೊಂದು ಕೇಸು ಹುಟ್ಟಿಸುವ ಉತ್ಸಾಹ ಇರುವುದಿಲ್ಲ; ಗೆದ್ದವನಿಗೂ ಇರುವುದಿಲ್ಲ.

ಇಲ್ಲಿ ಒಂದು ಹಳೆಯ ಪುಸ್ತಕವನ್ನು ನೆನೆಯದೆ ಮುಂದೆ ಹೋಗಲಾರೆ, ಅದು ಈ ಭಾಗದಲ್ಲೇ ಹುಟ್ಟಿದ್ದು. ಯಾಜ್ಞವಲ್ಕ್ಯ ಸ್ಮೃತಿಗೆ ವಿಜ್ಞಾನೇಶ್ವರ ಬರೆದ ‘ಮಿತಾಕ್ಷರಾ’ ವ್ಯಾಖ್ಯಾನ ರೂಪುಗೊಂಡದ್ದು ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದ ಕಲ್ಯಾಣದಲ್ಲಿ, ಇಂದಿನ ಬಸವಕಲ್ಯಾಣದಲ್ಲಿ. ಬಂಗಾಳದ ಕಡೆ ಬಿಟ್ಟರೆ ಭಾರತದ ಬಹುಭಾಗದ ಹಿಂದೂ ಕುಟುಂಬಗಳ ಆಸ್ತಿ ಕಾನೂನು ಆ ಪುಸ್ತಕದ ಮೇಲೆ ನಿಂತಿತು. ಪಿತ್ರಾರ್ಜಿತದಲ್ಲಿ ಹುಟ್ಟಿನಿಂದಲೇ ಹಕ್ಕು ಎಂಬ ಅದರ ಸೂತ್ರದಿಂದಲೇ ಇಂದಿನ ಪಾಲು ದಾವೆಗಳು ಹೊರಡುತ್ತವೆ. ನಮ್ಮ ಕಲ್ಪನೆಯ ಗದ್ದೆಯ ಮೇಲೆ ದಾವೆ ಹೂಡಿದ ಮಗ ಆಧಾರವಾಗಿ ಹಿಡಿದದ್ದೂ ಅದನ್ನೇ.

ಅದೇ ಸ್ಮೃತಿಯ ವ್ಯವಹಾರ ಭಾಗದಲ್ಲಿ ಇನ್ನೊಂದು ನಿಯಮವಿದೆ. ಕೊಡಬೇಕಾದ್ದನ್ನು ಕೊಡಬೇಕಿಲ್ಲವೆಂದು ಸುಳ್ಳು ಹೇಳಿ ಸಿಕ್ಕಿಬಿದ್ದವನು ಆ ಹಣವನ್ನೂ ಕೊಡಬೇಕು, ಅಷ್ಟೇ ಮೊತ್ತವನ್ನು ರಾಜನಿಗೆ ದಂಡವಾಗಿಯೂ ತೆರಬೇಕು. ಸುಳ್ಳು ದಾವೆ ತಂದವನು, ಸ್ಮೃತಿಯ ಮಾತಿನಲ್ಲಿ ‘ಮಿಥ್ಯಾಭಿಯೋಗಿ’, ಕೇಳಿದ ಮೊತ್ತದ ಇಮ್ಮಡಿ ತೆರಬೇಕು. ಸಾಲದಂಥ ವ್ಯವಹಾರಗಳ ಸಂದರ್ಭಕ್ಕೆ ಸೇರಿದ ಮಾತಿದು. ಎಲ್ಲ ಜಗಳಕ್ಕೂ ಹಾಗೇ ಅನ್ವಯಿಸಿದರೆಂದು ಭಾವಿಸಬೇಕಿಲ್ಲ. ರಾಜನ ಸಭೆ, ಜಾತಿಯ ಶ್ರೇಣಿ, ಹೆಂಗಸರಿಗೆ ಕಿರಿದಾದ ಹಕ್ಕು ಇವೆಲ್ಲ ಇದ್ದ ಆ ವ್ಯವಸ್ಥೆ ಮರಳಲಿ ಎಂಬ ಆಸೆ ನನಗೆ ಕಿಂಚಿತ್ತೂ ಇಲ್ಲ. ಆದರೂ ಒಂದು ಸಂಗತಿ ಗಮನಕ್ಕೆ ಬರಬೇಕು. ಬ್ರಿಟಿಷರ ಕಾಲದ ಕೋರ್ಟುಗಳು ಮಿತಾಕ್ಷರದಿಂದ ಹಕ್ಕಿನ ಭಾಗವನ್ನು ಎತ್ತಿಕೊಂಡವು, ಪ್ರಕ್ರಿಯೆಯ ಭಾಗವನ್ನು ಬಿಟ್ಟು ತಮ್ಮದನ್ನು ಇಟ್ಟವು. ಹುಟ್ಟಿನಿಂದ ಬರುವ ಹಕ್ಕು ಉಳಿಯಿತು. ಆ ಹಕ್ಕನ್ನು ಸುಳ್ಳಾಗಿ ಸಾಧಿಸುವವನು ಕೇಳಿದ್ದರ ಅಳತೆಯಲ್ಲೇ ದಂಡ ತೆರಬೇಕೆಂಬ ತತ್ವ ಹೋಯಿತು. ಕೇಳುವುದು ಲಕ್ಷಗಳಲ್ಲಿ, ತೆರುವುದು ಮೂರು ಸಾವಿರದೊಳಗೆ ಎಂಬ ಇಂದಿನ ಸ್ಥಿತಿಗೆ ಬೇರು ಇಲ್ಲಿದೆ ಎಂಬುದು ನನ್ನ ಊಹೆ. 35ಎ ಕಲಮಿನ ಮಿತಿಯನ್ನು ಇಂತಿಷ್ಟು ರೂಪಾಯಿ ಎಂದು ಇಡುವ ಬದಲು ದಾವೆಯ ಆಸ್ತಿಯ ಮೌಲ್ಯದ ಒಂದು ಭಾಗ ಎಂದು ಇಟ್ಟಿದ್ದರೆ ಅದು ಐವತ್ತು ವರ್ಷ ಹೀಗೆ ಹಳಸುತ್ತಿರಲಿಲ್ಲ.

ಇಷ್ಟು ಬರೆದ ಮೇಲೆ ನನ್ನ ವಾದಕ್ಕೆ ನಾನೇ ತಡೆ ಹಾಕಿಕೊಳ್ಳಬೇಕಾದ ಜಾಗ ಬರುತ್ತದೆ. ಹುರುಳಿಲ್ಲದ ದಾವೆ ಎಂದು ಕರೆಯುವವರು ಯಾರು? ಊರಿನಲ್ಲಿ ಈ ಮಾತನ್ನು ಹೆಚ್ಚು ಕೇಳಿಸಿಕೊಂಡವರು ತವರಿನ ಆಸ್ತಿಯಲ್ಲಿ ಪಾಲು ಕೇಳಿದ ಹೆಣ್ಣುಮಕ್ಕಳು. ಮದುವೆ ಮಾಡಿ ಕೊಟ್ಟಿದ್ದೇವೆ, ಬಂಗಾರ ಹಾಕಿದ್ದೇವೆ, ಈಗ ಅಣ್ಣತಮ್ಮಂದಿರ ಮೇಲೆ ಕೇಸ್ ಹಾಕುತ್ತಾಳೆ ಎಂಬ ದೂರು. ಕರ್ನಾಟಕವು ಹಿಂದೂ ಉತ್ತರಾಧಿಕಾರ ಕಾಯಿದೆಗೆ ತನ್ನದೇ ತಿದ್ದುಪಡಿ ತಂದು ಹೆಣ್ಣುಮಕ್ಕಳನ್ನು ಸಹದಾಯಾದಿಗಳನ್ನಾಗಿ ಮಾಡಿದ್ದು 1994ರ ಜುಲೈ 30ರಿಂದ. ಇಡೀ ದೇಶಕ್ಕೆ ಅದು ಬಂದದ್ದು 2005ರಲ್ಲಿ. ಇದಾದ ಮೇಲೂ ಕೋರ್ಟುಗಳು ತಪ್ಪಿದವು. ಕರ್ನಾಟಕದ ಒಂದು ಕುಟುಂಬದಲ್ಲಿ 2002ರಲ್ಲಿ ಪಾಲು ದಾವೆ ಹೂಡಲಾಯಿತು. ಹೆಣ್ಣುಮಕ್ಕಳಿಬ್ಬರಿಗೆ ಪಾಲಿಲ್ಲವೆಂದು ವಿಚಾರಣಾ ಕೋರ್ಟ್ 2007ರಲ್ಲಿ ಹೇಳಿತು, ಹೈಕೋರ್ಟ್ 2012ರಲ್ಲಿ ಅದನ್ನೇ ಎತ್ತಿಹಿಡಿಯಿತು. 2018ರ ಫೆಬ್ರವರಿ 1ರಂದು ಸುಪ್ರೀಂ ಕೋರ್ಟ್ ಇಬ್ಬರಿಗೂ ಐದರಲ್ಲೊಂದು ಪಾಲು ಕೊಟ್ಟಿತು. 2020ರ ಆಗಸ್ಟ್‌ನಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ, 2005ರಲ್ಲಿ ತಂದೆ ಬದುಕಿರಬೇಕಿಲ್ಲ, ಹಕ್ಕು ಹುಟ್ಟಿನಿಂದಲೇ ಎಂದು ಗೊಂದಲ ಮುಗಿಸಿತು.

ಎರಡು ಕೋರ್ಟುಗಳಲ್ಲಿ ಸೋತ ಆ ಹೆಣ್ಣುಮಕ್ಕಳ ಬೇಡಿಕೆಯನ್ನು ಹುರುಳಿಲ್ಲದ್ದೆಂದು ಬಗೆದು ದಂಡ ಹೇರಿದ್ದರೆ ಅವರು ಮೂರನೆಯ ಕೋರ್ಟಿಗೆ ಹೋಗುತ್ತಿದ್ದರೇ? ಅದಕ್ಕೆಂದೇ ಸೋಲನ್ನು ಹುರುಳಿಲ್ಲದಿರುವುದಕ್ಕೆ ಸಮ ಮಾಡುವುದನ್ನು ನಾನು ಒಪ್ಪಲಾರೆ. ಸುಳ್ಳು ಸಂಗತಿ ಬೇರೆ, ಒಪ್ಪಿಗೆಯಾಗದ ಕಾನೂನಿನ ವಾದ ಬೇರೆ. ‘ಗದ್ದೆ ಇಂದಿಗೂ ನನ್ನ ಕಬ್ಜಾದಲ್ಲಿದೆ’ ಎಂಬುದು ಸುಳ್ಳು. ಹೇಳುವವನಿಗೆ ಅದು ಗೊತ್ತು. ‘ಕಾನೂನು ನನಗೂ ಪಾಲು ಕೊಡುತ್ತದೆ’ ಎಂಬುದು ವಾದ. ಇಂದು ಸೋತು ನಾಳೆ ಗೆಲ್ಲಬಹುದು. ದಂಡ ಬೀಳಬೇಕಾದದ್ದು ಮೊದಲನೆಯದಕ್ಕೆ ಮಾತ್ರ. 2023ರಲ್ಲಿ ಕರ್ನಾಟಕದ ಶಾಸನಸಭೆ ಸಿವಿಲ್ ಪ್ರಕ್ರಿಯಾ ಸಂಹಿತೆಗೆ ತಿದ್ದುಪಡಿ ಒಪ್ಪಿ, ಸಣ್ಣ ಮತ್ತು ಅತಿಸಣ್ಣ ರೈತರ, ಆರ್ಥಿಕವಾಗಿ ದುರ್ಬಲರ ಕೇಸುಗಳಿಗೆ ಆದ್ಯತೆ ಕೊಡುವ ದಾರಿ ಹಿಡಿಯಿತು. ಒಳ್ಳೆಯ ಹೆಜ್ಜೆ. ಆದರೆ ಸುಳ್ಳು ದಾವೆ ಹೂಡಿದವನೂ ಸಣ್ಣ ರೈತನೇ ಆಗಿರಬಹುದು, ಆದ್ಯತೆ ಅವನಿಗೂ ದಕ್ಕುತ್ತದೆ. ಬೇಗ ಮುಗಿದರೆ ಅವನ ಲಾಭ ಕಡಿಮೆಯಾದೀತು ಎಂಬುದಷ್ಟೇ ಸಮಾಧಾನ.

ಸಾರ್ವಜನಿಕ ಹಿತಾಸಕ್ತಿ ಅರ್ಜಿಗಳ ವಿಷಯವನ್ನು ಇಲ್ಲಿ ಬೆಳೆಸುವುದಿಲ್ಲ. 2010ರಲ್ಲಿ ಉತ್ತರಾಖಂಡದ ಕೇಸೊಂದರಲ್ಲಿ ಸುಪ್ರೀಂ ಕೋರ್ಟ್ ಹೈಕೋರ್ಟುಗಳಿಗೆ ನಿಯಮ ಮಾಡಿಕೊಳ್ಳಲು ಸೂಚಿಸಿತು. ಕರ್ನಾಟಕ ಹೈಕೋರ್ಟಿನ ನಿಯಮಗಳು 2018ರಲ್ಲಿ ಬಂದವು. ಅರ್ಜಿದಾರ ತಾನು ಯಾರು, ತನ್ನ ಸ್ವಂತ ಲಾಭವೇನಾದರೂ ಇದೆಯೇ ಎಂದು ಮೊದಲೇ ತೆರೆದಿಡಬೇಕೆಂಬ ಆ ದಾರಿ ತಾಲ್ಲೂಕಿನ ಸಿವಿಲ್ ದಾವೆಗಳಿಗೂ ಬಂದರೆ ಒಳ್ಳೆಯದು.

ಮಸ್ಕಿಯ ಚುನಾವಣಾ ತಕರಾರು ಅರ್ಜಿಯನ್ನು ಮಾತ್ರ ಬಿಡುವಂತಿಲ್ಲ. ಒಂದು ಕೇಸು ಒಬ್ಬ ರೈತನ ಗದ್ದೆಯನ್ನಲ್ಲ, ಇಡೀ ಕ್ಷೇತ್ರವನ್ನು ತಡೆಹಿಡಿದು ನಿಲ್ಲಿಸಿದ ಉದಾಹರಣೆ ಅದು. 2018ರ ಮೇ ತಿಂಗಳ ವಿಧಾನಸಭಾ ಚುನಾವಣೆಯಲ್ಲಿ ಕಾಂಗ್ರೆಸ್ಸಿನ ಪ್ರತಾಪಗೌಡ ಪಾಟೀಲರು ಬಿಜೆಪಿಯ ಬಸನಗೌಡ ತುರ್ವಿಹಾಳರನ್ನು ಕೇವಲ 213 ಮತಗಳಿಂದ ಸೋಲಿಸಿದರು. ಸೋತವರು ಫಲಿತಾಂಶವನ್ನು ಪ್ರಶ್ನಿಸಿ ಹೈಕೋರ್ಟಿಗೆ ಹೋದರು. 2019ರ ಜುಲೈಯಲ್ಲಿ ಪಾಟೀಲರು ರಾಜೀನಾಮೆ ಕೊಟ್ಟ ಶಾಸಕರ ಗುಂಪಿನಲ್ಲಿದ್ದರು. ಜುಲೈ 28ರಂದು ಸ್ಪೀಕರ್ ಕೆ.ಆರ್. ರಮೇಶ್ ಕುಮಾರ್ ಅವರು ಅನರ್ಹಗೊಳಿಸಿದವರಲ್ಲಿ ಒಬ್ಬರಾದರು. ಡಿಸೆಂಬರ್ 5ರಂದು 15 ಕ್ಷೇತ್ರಗಳಿಗೆ ಉಪಚುನಾವಣೆ ನಡೆಯಿತು. ಮಸ್ಕಿಗೂ ಬೆಂಗಳೂರಿನ ರಾಜರಾಜೇಶ್ವರಿ ನಗರಕ್ಕೂ ನಡೆಯಲಿಲ್ಲ. ಎರಡು ಕಡೆಯೂ ಹಳೆಯ ಚುನಾವಣೆಯ ತಕರಾರು ಅರ್ಜಿ ಹೈಕೋರ್ಟಿನಲ್ಲಿ ಬಾಕಿಯಿತ್ತು. ಅರ್ಜಿ ಬಾಕಿಯಿದ್ದಾಗ ಚುನಾವಣಾ ಆಯೋಗ ಕಾಯುವುದಕ್ಕೆ ಕಾರಣವಿದೆ: ನಾನೇ ಗೆದ್ದವನೆಂದು ಘೋಷಿಸಿ ಎಂಬ ಬೇಡಿಕೆ ಮುಂದೆ ಒಪ್ಪಿಗೆಯಾದರೆ ಒಂದೇ ಸ್ಥಾನಕ್ಕೆ ಇಬ್ಬರು ಶಾಸಕರಾಗುತ್ತಾರೆ. ಮಸ್ಕಿಯಲ್ಲಿ ಮತದಾನವಾದದ್ದು 2021ರ ಏಪ್ರಿಲ್ 17ರಂದು, ಎಣಿಕೆ ಮೇ 2ರಂದು. ಅಷ್ಟರಲ್ಲಿ ಇಬ್ಬರೂ ಪಕ್ಷ ಬದಲಿಸಿದ್ದರು. ತುರ್ವಿಹಾಳರು ಕಾಂಗ್ರೆಸ್ಸಿನಿಂದ ನಿಂತು 30 ಸಾವಿರಕ್ಕೂ ಹೆಚ್ಚು ಮತಗಳ ಅಂತರದಿಂದ ಗೆದ್ದರು.

ಒಂದು ವರ್ಷ ಒಂಬತ್ತು ತಿಂಗಳು ಮಸ್ಕಿಗೆ ಶಾಸಕರಿರಲಿಲ್ಲ. ಅದರ ನಡುವೆ ಕೋವಿಡ್ ಬಂದದ್ದನ್ನೂ ಲೆಕ್ಕಕ್ಕೆ ಹಿಡಿಯಬೇಕು. ತುರ್ವಿಹಾಳರ ಅರ್ಜಿ ಹುರುಳಿಲ್ಲದ್ದು ಎಂದು ನಾನು ಹೇಳುವುದಿಲ್ಲ. ಲಕ್ಷಕ್ಕೂ ಮಿಕ್ಕ ಮತಗಳಲ್ಲಿ 213ರ ಅಂತರವಿದ್ದಾಗ ಕೋರ್ಟಿಗೆ ಹೋಗುವುದು ಪ್ರಜಾಪ್ರತಿನಿಧಿ ಕಾಯಿದೆ ಕೊಟ್ಟ ನೇರ ಹಕ್ಕು. ಆದರೆ ಅದೇ ಕಾಯಿದೆಯ 86(7) ಕಲಮು ಇಂಥ ಅರ್ಜಿಯ ವಿಚಾರಣೆಯನ್ನು ಆರು ತಿಂಗಳಲ್ಲಿ ಮುಗಿಸಲು ಯತ್ನಿಸಬೇಕೆನ್ನುತ್ತದೆ. ಮತದಾರರ ಕಣ್ಣಿಗೆ ಹುರುಳಿರುವ, ಆದರೆ ಕಾಲಕ್ಕೆ ಮುಗಿಯದ ಅರ್ಜಿಯೂ ಹುರುಳಿಲ್ಲದ ಅರ್ಜಿಯೂ ಒಂದೇ ಥರ ಕಾಣುತ್ತವೆ. ಎರಡರಿಂದಲೂ ಸಿಕ್ಕದ್ದು ಖಾಲಿ ಕುರ್ಚಿ. ಅರ್ಜಿಯನ್ನು ಹಿಂದೆಗೆದುಕೊಳ್ಳಲು ಹೈಕೋರ್ಟಿನ ಅನುಮತಿ ಬೇಕು, ಅದರ ಸೂಚನೆ ಗೆಜೆಟ್ಟಿನಲ್ಲಿ ಬರಬೇಕು, ಬೇಕಿದ್ದರೆ ಇನ್ನೊಬ್ಬ ಮತದಾರ ಅದನ್ನು ಮುಂದುವರಿಸಬಹುದು ಎಂದು 109, 110ನೇ ಕಲಮುಗಳು ಹೇಳುತ್ತವೆ. ಅಂದರೆ ಕಾನೂನಿನ ಭಾವನೆಯಲ್ಲಿ ಆ ಅರ್ಜಿ ಇಬ್ಬರು ನಾಯಕರದಲ್ಲ, ಕ್ಷೇತ್ರದ್ದು. ಅದು ಹಾಗೆ ಕ್ಷೇತ್ರದ್ದಾಗಿದ್ದರಿಂದಲೇ ವಿಳಂಬದ ಭಾರವೂ ಕ್ಷೇತ್ರದ ಮೇಲೇ ಬಿತ್ತು.

ನಂಬಿಕೆಯ ಮಾತಿಗೆ ಬರೋಣ. ದಾವೆಗಳು ಹೆಚ್ಚುತ್ತಿವೆ ಎಂದರೆ ಜನ ಕೋರ್ಟನ್ನು ನಂಬುತ್ತಾರೆಂದು ಹೇಳುವುದುಂಟು. ನನಗೆ ಅದು ಒಪ್ಪಿಗೆಯಿಲ್ಲ. ಸುಳ್ಳು ದಾವೆಯಿಂದ ಒಂದು ಬೆಳೆ ಕಳೆದುಕೊಂಡ ರೈತ ಕಲಿಯುವ ಪಾಠ ಕೋರ್ಟಿಗೆ ಹೋಗಬಾರದೆಂದಲ್ಲ, ಮುಂದಿನ ಸಲ ತಾನೇ ಮೊದಲು ಹೋಗಬೇಕೆಂದು. ಮೊದಲು ಸ್ಟೇ ತಂದವನ ಕೈ ಮೇಲು ಎಂದು ಊರಿಗೆ ಊರೇ ತಿಳಿದ ಮೇಲೆ, ನಿಜವಾದ ತಕರಾರು ಇದ್ದವನೂ ಇಲ್ಲದವನೂ ಒಂದೇ ಓಟ ಓಡುತ್ತಾರೆ. ಬಳಕೆ ಏರುತ್ತದೆ, ನಂಬಿಕೆ ಇಳಿಯುತ್ತದೆ. ಕೋರ್ಟಿನಲ್ಲಿ ಗೆದ್ದವ ಸೋತ, ಸೋತವ ಸತ್ತ ಎಂಬ ಗಾದೆ ಇರುವ ನಾಡಿನಲ್ಲೇ ಕೋರ್ಟಿನ ಆವರಣ ಬೆಳಗ್ಗೆ ಹತ್ತಕ್ಕೆ ತುಂಬಿರುತ್ತದೆ. ಈ ಎರಡೂ ಒಟ್ಟಿಗೆ ಇರುವುದು ಹೀಗೆ.

ಹಾಗೆಂದು ನಂಬಿಕೆ ಮರಳುವ ದಾರಿ ಇಲ್ಲವೆಂದಲ್ಲ, ಈ ಭಾಗದಲ್ಲೇ ಅದಕ್ಕೆ ಒಂದು ಸಾಕ್ಷಿಯಿದೆ. 1956ರ ನವೆಂಬರ್ 1ರಂದು ರಾಯಚೂರು ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಮೇಲಿನ ಕೋರ್ಟು ಹೈದರಾಬಾದ್ ಬಿಟ್ಟು ಇಲ್ಲಿಗೆ ಸುಮಾರು ನಾನ್ನೂರು ಕಿಲೋಮೀಟರ್ ದೂರದ ಬೆಂಗಳೂರಿಗೆ ಹೋಯಿತು. ‘ಬೆಂಗಳೂರಿಗೆ ಹೋಗ್ತೀನಿ’ ಎಂಬುದೇ ಒಂದು ಬೆದರಿಕೆಯಾಗಿತ್ತು. ಅಪೀಲಿನಲ್ಲಿ ಹುರುಳಿರಬೇಕಿರಲಿಲ್ಲ, ದೂರವೇ ಸಾಕಿತ್ತು. 2008ರ ಜುಲೈಯಲ್ಲಿ ಕಲಬುರಗಿಯಲ್ಲಿ ಹೈಕೋರ್ಟಿನ ಸಂಚಾರಿ ಪೀಠ ಶುರುವಾಯಿತು, 2013ರ ಆಗಸ್ಟ್‌ನಲ್ಲಿ ಖಾಯಂ ಆಯಿತು. ಆ ಬೆದರಿಕೆಯ ಮೊನೆ ಅಷ್ಟರ ಮಟ್ಟಿಗೆ ಮೊಂಡಾಯಿತು. ಸಿಂಧನೂರಿನಲ್ಲೇ ಹೆಚ್ಚುವರಿ ಜಿಲ್ಲಾ ನ್ಯಾಯಾಲಯ ಕೂರುವಂತಾದದ್ದೂ ಅದೇ ದಿಕ್ಕಿನದು. ದೂರ ಕಡಿಮೆಯಾದರೆ ದೂರವನ್ನೇ ಬಂಡವಾಳ ಮಾಡಿಕೊಂಡ ದಾವೆ ಕಡಿಮೆಯಾಗುತ್ತದೆ. ಹೊತ್ತು ಕಡಿಮೆಯಾದರೆ ಹೊತ್ತಿನ ಮೇಲೆ ಬದುಕುವ ದಾವೆಯೂ ಕಡಿಮೆಯಾಗಬೇಕು.

ಮುಂದೆ ಹುಡುಕಬೇಕಾದ ಕುರುಹು ಒಂದಿದೆ, ಅದು ತೀರ್ಪುಗಳಲ್ಲಿಲ್ಲ, ಪಹಣಿಯಲ್ಲಿದೆ. 2000ದಲ್ಲಿ ‘ಭೂಮಿ’ ಯೋಜನೆಯಡಿ ಗಣಕಕ್ಕೇರಿದ ನಮ್ಮ ಪಹಣಿಯ 11ನೇ ಕಾಲಂ ಇತರೆ ಹಕ್ಕು ಮತ್ತು ಋಣಗಳದು. ಕೋರ್ಟಿನ ತಡೆಯಾಜ್ಞೆ ಬಂದರೆ ಅಲ್ಲಿ ದಾಖಲಾಗುತ್ತದೆ. ಅದು ಇರುವವರೆಗೆ ಕೊಳ್ಳುವವನು ಹಿಂಜರಿಯುತ್ತಾನೆ, ಬೆಳೆ ಸಾಲ ಕೊಡುವ ಬ್ಯಾಂಕಿನವರು ಎರಡನೆಯ ಸಲ ಕೇಳುತ್ತಾರೆ. ದಾವೆ ವಜಾ ಆದ ದಿನ ತಡೆಯಾಜ್ಞೆ ತಾನಾಗಿ ಬೀಳುತ್ತದೆ; ಕಾಲಂ ತಾನಾಗಿ ಖಾಲಿಯಾಗುವುದಿಲ್ಲ. ಗೆದ್ದವನು ತೀರ್ಪಿನ ದೃಢೀಕೃತ ನಕಲು ತೆಗೆಸಿ, ತಹಶೀಲ್ದಾರರ ಕಚೇರಿಗೆ ಅರ್ಜಿ ಕೊಟ್ಟು, ಅದು ಅಳಿಸಿತೇ ಎಂದು ಮತ್ತೆ ಹೋಗಿ ನೋಡಬೇಕು. ಸಾಲಗುಂದದಂಥ ಒಂದು ಊರಿನ ಎಲ್ಲ ಸರ್ವೆ ನಂಬರುಗಳ 11ನೇ ಕಾಲಮನ್ನು ಕೂತು ಓದಿ, ಅಲ್ಲಿ ನಿಂತಿರುವ ಒಂದೊಂದು ಕೋರ್ಟ್ ನಮೂದಿನ ಎದುರು ಆ ದಾವೆ ಇನ್ನೂ ಬದುಕಿದೆಯೋ ಎಂದೋ ವಜಾ ಆಗಿದೆಯೋ ಎಂದು ಬರೆದಿಟ್ಟರೆ, ಮುಗಿದ ದಾವೆಗಳು ಎಷ್ಟು ಗದ್ದೆಗಳ ಮೇಲೆ ಇನ್ನೂ ಕೂತಿವೆ ಎಂಬುದು ಎಣಿಕೆಗೆ ಸಿಗುತ್ತದೆ. ಆ ಕೆಲಸವನ್ನು ಒಂದು ಊರಿನಿಂದಲೇ ಶುರು ಮಾಡಬಹುದು.